ತಂಗಿಗೂ ಕೇಳಬೇಕು, ಸಭೆಗೂ ಕೇಳಬೇಕು

ಮೊನ್ನೆ ಕತ್ತರಿ ಹುಡುಕಲೆಂದು ಮೇಜಿನ ಖಾನೆ ಎಳೆದೆ. ಕತ್ತರಿ ಸಿಗಲಿಲ್ಲ. ನಮ್ಮ ಮನೆಯಲ್ಲಿ ಬೇಕಾದಾಗ ಕತ್ತರಿ ಎಂದೂ ಸಿಕ್ಕಿಲ್ಲ. ಬೇಡವಾದಾಗ ಯಾವ ಖಾನೆ ಎಳೆದರೂ ಅದೇ ಬಾಯಿ ತೆರೆದುಕೊಂಡು ಕೂತಿರುತ್ತದೆ. ಈ ಸಲ ಕೈಗೆ ಬಂದದ್ದು ವೈರುಗಳ ಒಂದು ಗಂಟು. ಬಿಡಿಸುತ್ತಾ ಹೋದೆ. ಅದರಲ್ಲೊಂದು ಗೇಣುದ್ದದ ಕರಿ ವೈರು, ಒಂದು ತುದಿಗೆ ಒಂದೇ ಪಿನ್ನು, ಇನ್ನೊಂದು ತುದಿಗೆ ಎರಡು ತೂತು.

ನನ್ನ ಹೆಂಡತಿ ಸರೋಜಾ ಅಲ್ಲೇ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ವೈರು ನೋಡಿ, "ಇದು ಇನ್ನಾ ಬೇಕೇನ್ರಿ? ಭಂಗಾರದವ ಬಂದಾಗ ಹಾಕಿಬಿಡ್ರಿ" ಅಂದಳು.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಬೀದರದಲ್ಲಿ ಹಳೇ ಕಬ್ಬಿಣ, ಮುರಿದ ಪ್ಲಾಸ್ಟಿಕ್ಕು, ಕೆಟ್ಟ ಫ್ಯಾನು, ಇವೆಲ್ಲ ಭಂಗಾರ. ಅದನ್ನು ಕೊಳ್ಳುವವನು ಕೈಗಾಡಿ ನೂಕಿಕೊಂಡು ಓಣಿಗೆ ಬರುತ್ತಾನೆ. ಅವನು ಕೂಗುವಾಗ ಉಸಿರು ಚೂರು ಕಡಿಮೆಯಾದರೆ ಅದೇ ಬಂಗಾರ ಆಗಿಬಿಡುತ್ತದೆ. ಬೆಂಗಳೂರು ಕಡೆಯಿಂದ ವರ್ಗವಾಗಿ ಬಂದಿದ್ದ ನಮ್ಮ ಪಕ್ಕದ ಮನೆಯ ಹೆಣ್ಣುಮಗಳೊಬ್ಬಳು ಮೊದಲ ದಿನ ಆ ಕೂಗು ಕೇಳಿ, ಈ ಊರಲ್ಲಿ ಚಿನ್ನವನ್ನೂ ಗಾಡಿಯ ಮೇಲೆ ಮಾರುತ್ತಾರಲ್ಲ ಎಂದು ಬಾಗಿಲಿಗೆ ಓಡಿ ಬಂದಿದ್ದಳು. ನಾನು ವೈರನ್ನು ಬೆರಳಿಗೆ ಸುತ್ತಿಕೊಂಡು, ಇದು ಉಸಿರಿರುವ ಭಂಗಾರವೋ ಇಲ್ಲದ ಬಂಗಾರವೋ ಎಂದು ಯೋಚಿಸುತ್ತ ಕೂತೆ. ಕತ್ತರಿ ಯಾತಕ್ಕೆ ಬೇಕಾಗಿತ್ತು ಎನ್ನುವುದು ಮರೆತೇಹೋಯಿತು.

ನಾನು ಎಂದರೆ ಭಾಲ್ಕಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿ, ಈಗ ಬೀದರದ ಅಂಚಿನ ನೌಬಾದದಲ್ಲಿ ಮನೆ ಮಾಡಿಕೊಂಡಿರುವ ಮಾಸ್ತರ. ಶಬ್ದದ ಪಾಠವೆಂದರೆ ನನಗೆ ಮೊದಲಿನಿಂದಲೂ ಜಂಬ. ಎರಡು ಬೆಂಕಿಪೆಟ್ಟಿಗೆ, ನಡುವೆ ಬಿಗಿಯಾಗಿ ಎಳೆದ ದಾರ. ಒಬ್ಬ ಹುಡುಗ ವರಾಂಡದ ಈ ತುದಿಗೆ, ಇನ್ನೊಬ್ಬ ಆ ತುದಿಗೆ. ಈ ಕಡೆಯವನು "ಊಟಾ ಆತೇನಲೇ" ಎಂದು ಪೆಟ್ಟಿಗೆಯೊಳಗೆ ಪಿಸುಗುಟ್ಟಿದರೆ ಆ ಕಡೆಯವನ ಮುಖ ಅರಳುತ್ತಿತ್ತು. ಅಷ್ಟು ವರ್ಷ ಶಬ್ದ ಕಲಿಸಿದವನು, ಒಂದು ಕಂಪ್ಯೂಟರಿನ ಸದ್ದನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಲು ಹೇಗೆ ಒದ್ದಾಡಿದೆ ಎನ್ನುವುದನ್ನು ಹೇಳುತ್ತೇನೆ. ನಗುವುದಿದ್ದರೆ ನಗಿ, ಅಡ್ಡಿಯಿಲ್ಲ.

ನಮ್ಮ ಮೂಲ ಊರು ಔರಾದ ತಾಲ್ಲೂಕಿನ ಠಾಣಾ ಕುಶನೂರ. ಇಡೀ ಓಣಿಗೆ ನಮ್ಮ ಅಪ್ಪನದೊಂದೇ ರೇಡಿಯೋ. ಸಂಜೆ ಹೊಲದಿಂದ ಬಂದವನೇ ಅದನ್ನು ತಾಮ್ರದ ಹಂಡೆಯ ಬಾಯಿಗೆ ಇಡುತ್ತಿದ್ದ. ಹಂಡೆಯ ಹೊಟ್ಟೆಯಲ್ಲಿ ಸುತ್ತಿ ಬಂದ ದನಿ ದಪ್ಪಗಾಗಿ ಎದುರುಮನೆಯ ಕಟ್ಟೆಯವರೆಗೂ ಹೋಗುತ್ತಿತ್ತು. ಮುಳ್ಳು ಒಂದು ಕೂದಲೆಳೆ ಆಚೆ ಸರಿದರೆ ಮರಾಠಿ, ಈಚೆ ಬಂದರೆ ಉರ್ದು, ಗಾಳಿ ಬೀಸಿದರೆ ತೆಲುಗು. ನಡುವೆ ಎಲ್ಲೋ ಕನ್ನಡ ಮುದುಡಿಕೊಂಡು ಕೂತಿರುತ್ತಿತ್ತು. ನನ್ನ ತಂಗಿ ಮಹಾನಂದಾ ಆಗ ಲಂಗ ಉಡುತ್ತಿದ್ದ ಹುಡುಗಿ. ಯಾವ ಭಾಷೆಯ ಹಾಡಾದರೂ ಒಂದು ಸಲ ಕೇಳಿದರೆ ಅದು ಅವಳದು. ಮರುದಿನ ಅಂಗಳಕ್ಕೆ ನೀರು ಹೊಡೆಯುವಾಗ ಮರಾಠಿ ಹಾಡಿಗೆ ತನ್ನದೇ ಕನ್ನಡದ ಮಾತು ಕೂಡಿಸಿ ಹಾಡುತ್ತಿದ್ದಳು. ಮಾತು ಹೇಗೇ ಇರಲಿ, ಸ್ವರ ಮಾತ್ರ ತಕ್ಕಡಿಯಲ್ಲಿ ತೂಗಿದ ಹಾಗೆ. ನನಗೋ, ಇಂದಿಗೂ ಶಾಲೆಯ ಪ್ರಾರ್ಥನೆಯನ್ನು ಬಾಯಿ ಆಡಿಸಿಯೇ ಮುಗಿಸಿದವನೆಂಬ ಖ್ಯಾತಿ ಇದೆ. ಒಂದೇ ಹಂಡೆಯ ಮುಂದೆ ಕೂತ ಇಬ್ಬರಲ್ಲಿ ಒಬ್ಬರಿಗಷ್ಟೇ ಕಿವಿ ಕೊಟ್ಟಿದ್ದ ದೇವರು.

ಕೊಟ್ಟದ್ದನ್ನು ಅವನೇ ಹಿಂದಕ್ಕೂ ತೆಗೆದುಕೊಂಡ. ಮಹಾನಂದಾಳನ್ನು ಭಾಲ್ಕಿಗೆ ಕೊಟ್ಟಿದ್ದೆವು. ಗಂಡನಿಗೆ ಬಟ್ಟೆ ಅಂಗಡಿ, ಒಳ್ಳೆಯ ಮನೆತನ. ಮಕ್ಕಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳಿಗೆ ಒಂದು ಕೆಟ್ಟ ಜ್ವರ ಬಂತು. ಜ್ವರ ಹೋಗುವಾಗ ಎಡಗಿವಿಯನ್ನು ಪೂರ್ತಿಯಾಗಿ, ಬಲಗಿವಿಯನ್ನು ಮುಕ್ಕಾಲು ಪಾಲು ಜೊತೆಗೆ ಕರೆದುಕೊಂಡು ಹೋಯಿತು. ಬಲಗಿವಿಗೆ ಮಷೀನು ಹಾಕಿಸಿದೆವು. ಎದುರು ಕೂತು ಬಿಡಿಬಿಡಿಯಾಗಿ ಮಾತಾಡಿದರೆ, ಮಷೀನಿನಲ್ಲಿ ಕೇಳಿದ್ದನ್ನೂ ತುಟಿಯಲ್ಲಿ ಕಂಡದ್ದನ್ನೂ ಕೂಡಿಸಿ ಅರ್ಥ ಮಾಡಿಕೊಳ್ಳುತ್ತಾಳೆ. ಅವಳ ಗಂಡ ಎಷ್ಟು ಜೋರಾಗಿ ಮಾತಾಡಿ ರೂಢಿಯಾಗಿದ್ದಾರೆಂದರೆ, ಅವರ ಮನೆಯಲ್ಲಿ ಇವತ್ತು ಪುಂಡಿಪಲ್ಲೆಯೋ ಹೆಸರುಬೇಳೆಯೋ ಎನ್ನುವುದು ಓಣಿಗೆಲ್ಲ ಗೊತ್ತಿರುತ್ತದೆ. ಆದರೆ ಆ ಮಷೀನು ಮಾತಿಗೆ ಆಗುತ್ತದೆ, ಹಾಡಿಗೆ ಆಗುವುದಿಲ್ಲ. ಅದರಲ್ಲಿ ಹಾರ್ಮೋನಿಯಂ ಕೇಳಿದರೆ ತಗಡಿನ ಮೇಲೆ ಕಲ್ಲು ಎಳೆದ ಹಾಗಾಗುತ್ತದೆಂದು ಅವಳೇ ಒಮ್ಮೆ ಹೇಳಿದ್ದಳು.

ಅವರ ಓಣಿಯಲ್ಲಿ ಹೆಣ್ಣುಮಕ್ಕಳ ವಚನ ಗಾಯನದ ಬಳಗ ಒಂದಿದೆ. ವಾರಕ್ಕೊಮ್ಮೆ ಬಳಗದ ಹಿರಿಯರಾದ ಶಕುಂತಲಾಬಾಯಿಯವರ ಪಡಸಾಲೆಯಲ್ಲಿ ಕೂಡುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ಹಾಡು ಎತ್ತಿಕೊಡುತ್ತಿದ್ದವಳೇ ಮಹಾನಂದಾ. ಜ್ವರದ ನಂತರವೂ ಹೋದಳು. ಆದರೆ ಸ್ವರ ಕೇಳಿಸದಿದ್ದರೆ ಹಾಡು ಎಲ್ಲಿ ಕಾಲೂರಬೇಕು? ಅದು ತಂತಾನೇ ಮೆಲ್ಲಗೆ ಮೇಲೇರಿಬಿಡುತ್ತಿತ್ತು. ಏರಿದ್ದು ಅವಳ ಕಿವಿಗೆ ತಿಳಿಯುತ್ತಿರಲಿಲ್ಲ, ಉಳಿದವರ ಮುಖ ನೋಡಿ ತಿಳಿಯುತ್ತಿತ್ತು. ಒಂದು ದಿನ ಶಕುಂತಲಾಬಾಯಿ ಅವಳ ಎದುರು ಕೂತು, ಕೈ ಹಿಡಿದುಕೊಂಡು, "ಮಹಾನಂದಾ, ನೀ ಇನ್ನ ತಾಳ ಹಾಕವ್ವ. ತಾಳ ನಿನ್ನಂಗ ಯಾರೂ ಹಾಕಲ್ಲ" ಅಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವಳು ತಲೆಯಾಡಿಸಿ, ತಾಳ ತೆಗೆದುಕೊಂಡು ಹಿಂದಿನ ಸಾಲಿಗೆ ಹೋಗಿ ಕೂತಳು. ವರ್ಷಗಳವರೆಗೆ ಅಲ್ಲೇ ಕೂತಳು. ಮನೆಯಲ್ಲೂ ಹಾಡುವುದು ಬಿಟ್ಟಳು. ಅಂಗಳಕ್ಕೆ ನೀರು ಹೊಡೆಯುವಾಗ ಬರೀ ನೀರಿನ ಸದ್ದು.

ನಾನು ಈ ಕಥೆಯೊಳಗೆ ಬಂದದ್ದು ಹೀಗೆ. ಬಳಗದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ ಹೆಣ್ಣುಮಗಳು ಮಗಳ ಮನೆಗೆಂದು ಲಾತೂರಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ಸ್ವರ ಕೊಡುವವರಿಲ್ಲದಂತಾಯಿತು. ಹೋಗುವ ಮೊದಲು ಅವರು ಹಾಡುಗಳಿಗೆಲ್ಲ ಹಾರ್ಮೋನಿಯಂ, ತಬಲಾ ಕೂಡಿಸಿ ಧ್ವನಿಮುದ್ರಣ ಮಾಡಿಸಿಕೊಟ್ಟಿದ್ದರು. ಅದನ್ನು ಹಚ್ಚಲು ಲ್ಯಾಪ್‌ಟಾಪು ಬೇಕು, ಲ್ಯಾಪ್‌ಟಾಪು ಹಚ್ಚಲು ಒಬ್ಬ ಮನುಷ್ಯ ಬೇಕು. "ಮಹಾನಂದಾನ ಅಣ್ಣ ರಿಟೈರ್ ಆಗ್ಯಾರಲ್ಲ, ಖಾಲೀನೇ ಇರ್ತಾರ" ಎಂದು ನನ್ನ ನೇಮಕವಾಯಿತು. ನಿವೃತ್ತನಿಗೆ ಕೆಲಸ ಹಚ್ಚಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ ನೋಡಿ. ಹೀಗೆ ವಾರಕ್ಕೊಮ್ಮೆ ನನ್ನ ಲ್ಯಾಪ್‌ಟಾಪು, ಎರಡು ಸಣ್ಣ ಸ್ಪೀಕರು ಚೀಲದಲ್ಲಿ ಹಾಕಿಕೊಂಡು ನೌಬಾದದಿಂದ ಭಾಲ್ಕಿಗೆ ಬಸ್ಸಿನಲ್ಲಿ ಓಡಾಟ ಶುರುವಾಯಿತು. ಪಡಸಾಲೆಯ ಮೂಲೆಯಲ್ಲಿ ನಾನೊಬ್ಬನೇ ಗಂಡಸು. ಹಾಡು ಮುಗಿದಾಗಲೊಮ್ಮೆ ಯಾರಾದರೂ ಒಂದು ತಟ್ಟೆ ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ, ತಂದಿಡುತ್ತಿದ್ದರು. ಸಂಭಾವನೆಯ ಬಗ್ಗೆ ನನ್ನ ದೂರೇನೂ ಇರಲಿಲ್ಲ.

ಒಂದು ದಿನ ಅಭ್ಯಾಸ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದರು. ಮುಂದಿನ ಹಾಡು ಎಲ್ಲಿ ಶುರುವಾಗುತ್ತದೆಂದು ನೋಡಲು ನಾನು ದೊಡ್ಡ ಹೆಡ್‌ಫೋನು ಲ್ಯಾಪ್‌ಟಾಪಿಗೆ ಚುಚ್ಚಿ ಕೇಳಿ, ಚಹಾ ಬಂತೆಂದು ಅದನ್ನು ತೆಗೆದು ಜಮಖಾನದ ಮೇಲಿಟ್ಟೆ. ಒಳಗೆ ಹಾರ್ಮೋನಿಯಂ ನಡೆದೇ ಇತ್ತು. ಜಮಖಾನ ಮಡಿಚಲು ಬಂದ ಮಹಾನಂದಾ ಹೆಡ್‌ಫೋನು ಎತ್ತಿಕೊಂಡು ತಿರುಗಿಸಿ ನೋಡಿದಳು. ಕಿವಿಯ ಮಷೀನು ತೆಗೆದು ಸೆರಗಿನ ಗಂಟಿಗೆ ಕಟ್ಟಿ, ಹೆಡ್‌ಫೋನು ತಲೆಗೆ ಏರಿಸಿದಳು. ಆಮೇಲೆ ನನ್ನತ್ತ ನೋಡಿ, ಹೆಚ್ಚಿಸು ಎಂದು ಅಂಗೈ ಮೇಲೆತ್ತಿ ಸನ್ನೆ ಮಾಡಿದಳು. ಹೆಚ್ಚಿಸಿದೆ. ಇನ್ನೂ ಎಂದಳು. ಪೂರ್ತಿ ಏರಿಸಿದೆ. ಅವಳು ಅಲ್ಲೇ ಕೂತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಗಂಟಲಿನಿಂದ ಸಣ್ಣಗೆ ಒಂದು ಆಲಾಪ ಹೊರಟಿತು.

ನನಗೆ ಸ್ವರಜ್ಞಾನವಿಲ್ಲ, ಆಗಲೇ ಹೇಳಿದೆ. ಅವಳು ಸರಿಯಾಗಿದ್ದಾಳೋ ಇಲ್ಲವೋ ತಿಳಿಯಲು ನನಗಿದ್ದದ್ದು ಒಂದೇ ದಾರಿ. ಪಿನ್ನು ಕಿತ್ತೆ. ಲ್ಯಾಪ್‌ಟಾಪಿನದೇ ಸ್ಪೀಕರಿನಿಂದ ಹಾರ್ಮೋನಿಯಂ ಹೊರಬಿತ್ತು. ಅವಳ ದನಿ ಅದರೊಳಗೆ ಎಲ್ಲಿ ಸೇರಿತೆಂದು ಬೇರೆ ಮಾಡಿ ಹೇಳುವ ಹಾಗಿರಲಿಲ್ಲ. ಚಹಾ ಕುಡಿಯುತ್ತಿದ್ದವರೆಲ್ಲ ಕಪ್ಪು ಹಿಡಿದುಕೊಂಡೇ ಈ ಕಡೆ ತಿರುಗಿದರು. ಮಹಾನಂದಾ ಮಾತ್ರ ತಟ್ಟನೆ ನಿಲ್ಲಿಸಿ ನನ್ನನ್ನು ನೋಡಿದಳು.

"ಯಾಕ ತಗದಿ ಅಣ್ಣಾ?"

ಮತ್ತೆ ಚುಚ್ಚಿದೆ. ಅವಳು ಹಾಡಿದಳು, ಉಳಿದವರಿಗೆ ಹಾರ್ಮೋನಿಯಂ ಇಲ್ಲ. ಕಿತ್ತೆ. ಉಳಿದವರಿಗೆ ಬಂತು, ಅವಳಿಗೆ ಇಲ್ಲ. ಹಾಕಿದರೆ ಅವಳಿಗೆ, ತೆಗೆದರೆ ಅವರಿಗೆ. ಶಕುಂತಲಾಬಾಯಿ ಕಪ್ಪು ಕೆಳಗಿಟ್ಟು, "ಮಾಸ್ತರ್ರ, ಇದು ಎರಡೂ ಕಡಿ ಕೂಡಿ ಬರಂಗಿಲ್ಲೇನ್ರಿ?" ಎಂದು ಕೇಳಿದರು.

"ಬರ್ತದ್ರಿ, ಯಾಕ ಬರಲ್ಲ" ಅಂದೆ. ಎಷ್ಟೆಂದರೂ ಶಬ್ದದ ಮಾಸ್ತರ. ಹೇಗೆ ಬರುತ್ತದೆಂದು ಆ ಗಳಿಗೆಗೆ ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಅವಳು ನಿಲ್ಲಿಸಿ ನೋಡಿದ ನೋಟವೇ ಕಣ್ಣಮುಂದೆ. ಕೂಸಿನ ಬಾಯಿಂದ ಹಾಲು ಬಿಡಿಸಿದ ಹಾಗಿತ್ತು. ಇದನ್ನು ಮಾಡದೆ ಬಿಡುವುದಿಲ್ಲ ಎಂದುಕೊಂಡೆ. ಪಕ್ಕದಲ್ಲಿ ಕೂತಿದ್ದವರು, "ಏನಂದ್ರಿ?" ಎಂದು ಕೇಳಿದ ಮೇಲೆಯೇ ನಾನು ಗಟ್ಟಿಯಾಗಿ ಅಂದುಕೊಂಡಿದ್ದೆನೆಂದು ತಿಳಿದದ್ದು.

ಮೊದಲು ತಂದದ್ದೇ ಈಗ ಖಾನೆಯಲ್ಲಿ ಸಿಕ್ಕ ಈ ವೈರು. ಒಂದು ಪಿನ್ನಿಗೆ ಎರಡು ತೂತು; ಒಂದರಲ್ಲಿ ಹೆಡ್‌ಫೋನು, ಒಂದರಲ್ಲಿ ಸ್ಪೀಕರು. ಎಷ್ಟು ಸುಲಭ ಎಂದು ಹಿಗ್ಗಿದೆ. ಎರಡೂ ಕಡೆ ಸದ್ದು ಬಂತು ನಿಜ, ಆದರೆ ಒಂದೇ ನಲ್ಲಿಗೆ ಎರಡು ಕೊಡ ಹಿಡಿದ ಹಾಗೆ, ಯಾವುದೂ ತುಂಬಲಿಲ್ಲ. ಪೂರ್ತಿ ಏರಿಸಿದರೂ ಮಹಾನಂದಾಳ ಕಿವಿಗೆ ಅದು ಸಾಲಲಿಲ್ಲ. ಅವಳ ಪಾಲಿಗೆ ಬೇರೆಯದೇ ನಲ್ಲಿ ಬೇಕಾಗಿತ್ತು. ಅದಕ್ಕಾಗಿ ಬೆರಳುದ್ದದ ಸೌಂಡ್ ಕಾರ್ಡೊಂದನ್ನು ತಂದು ಲ್ಯಾಪ್‌ಟಾಪಿನ ಬದಿಗೆ ಚುಚ್ಚಿದೆ. ಈಗ ಕಂಪ್ಯೂಟರಿಗೆ ಎರಡು ಬಾಯಿ. ಆದರೆ ಕಂಪ್ಯೂಟರು ಮಹಾ ಶಿಸ್ತಿನ ಪ್ರಾಣಿ. ಒಂದು ಬಾಯಿಂದ ಮಾತಾಡುವಾಗ ಇನ್ನೊಂದನ್ನು ಮುಚ್ಚಿಕೊಳ್ಳುತ್ತದೆ. ಇದರಲ್ಲೋ ಅದರಲ್ಲೋ ಆರಿಸಿಕೋ ಎನ್ನುತ್ತದೆ. ಎರಡನ್ನೂ ಎಂದರೆ ಅದಕ್ಕೆ ತಿಳಿಯುವುದಿಲ್ಲ.

ಅಂಗಡಿಯವನನ್ನು ಕೇಳಿದೆ. "ಸರ್, ಬ್ಲೂಟೂತ್ ತಗೋರಿ, ಜಮಾನಾ ಅದರದೇ ಅದ" ಎಂದು ವೈರಿಲ್ಲದ ಸ್ಪೀಕರೊಂದನ್ನು ಕೈಗಿತ್ತ. ಅದೂ ಆಯಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಏನೇನು ಬರುತ್ತದೋ, ನನ್ನ ಹಳೆಯದರಲ್ಲಿ ಒಂದು ಅಡ್ಡದಾರಿ ಇದೆಯೆಂದು ಎಲ್ಲೋ ಓದಿದೆ. ಕಂಪ್ಯೂಟರು ತಾನು ನುಡಿಸಿದ್ದನ್ನು ತಾನೇ ಕೇಳಿಸಿಕೊಂಡು ಇನ್ನೊಂದು ಕಡೆಗೆ ದಾಟಿಸುವ ಸೆಟ್ಟಿಂಗ್ ಅದು. ಹುಡುಕಿದರೆ ಕಾಣಲಿಲ್ಲ. ಕೊನೆಗೆ ತಿಳಿದದ್ದು, ಅದು ಹಾಜರಿ ಕೂಗಿದಾಗ ಬೆಂಚಿನ ಕೆಳಗೆ ಅಡಗುವ ಹುಡುಗರ ಜಾತಿಯದು. ಗೈರುಹಾಜರಾದವರನ್ನೂ ತೋರಿಸು ಎಂದು ಮೊದಲು ಹೇಳಬೇಕು, ಆಮೇಲೆ ಹೊರಬರುತ್ತದೆ. ಹೊರಬಂದ ಸಂಭ್ರಮದಲ್ಲಿ ನಾನು ದಾಟಿಸುವ ಕಡೆಯನ್ನು ತಪ್ಪಾಗಿ ಆರಿಸಿದೆ. ಸ್ಪೀಕರಿನ ಸದ್ದು ಮತ್ತೆ ಅದೇ ಸ್ಪೀಕರಿಗೆ ಹೋಯಿತು, ತನ್ನ ಬಾಲ ತಾನೇ ನುಂಗುತ್ತ ಸುತ್ತತೊಡಗಿ, ಕ್ಷಣದಲ್ಲಿ ಮನೆ ಹಾರಿಹೋಗುವಂಥ ಕೂಗು ಎದ್ದಿತು. ಸರೋಜಾ ಅಡುಗೆಮನೆಯಲ್ಲಿ ಕುಕ್ಕರು ಒಡೆಯಿತೆಂದು ಗ್ಯಾಸು ಆರಿಸಿ ಹಿತ್ತಲಿಗೆ ಓಡಿದಳು. ಕುಕ್ಕರು ಒಲೆಯ ಮೇಲೆ ಇರಲೇ ಇಲ್ಲ.

ಅವಳು ಒಳಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, "ಸಾಲ್ಯಾಗ ಹುಡುಗರಿಗಿ ಏನ್ ಕಲಸಿರಿ ದೇವರಿಗೇ ಗೊತ್ತು" ಅಂದಳು.

ಕಡೆಯನ್ನು ಸರಿಯಾಗಿ ಆರಿಸಿದ ಮೇಲೆ ಎರಡೂ ಕಡೆ ಸದ್ದು ಬಂತು. ನಾನು ಖುರ್ಚಿಯಿಂದ ಎದ್ದು ನಿಂತೆ. ಕೂಡಲೇ ಕೂತೆ. ಹೆಡ್‌ಫೋನಿನಲ್ಲಿ ತಬಲಾ ಧಾ ಎಂದರೆ, ಬ್ಲೂಟೂತ್ ಸ್ಪೀಕರು ತುಸು ಯೋಚನೆ ಮಾಡಿ ಆಮೇಲೆ ಧಾ ಎನ್ನುತ್ತಿತ್ತು. ಬೆಟ್ಟಕ್ಕೆ ಕೂಗಿದರೆ ಮರುದನಿ ಬಂದ ಹಾಗೆ. ಶಬ್ದದ ವೇಗದ ಲೆಕ್ಕ ಹಾಕಿ ನೋಡಿದೆ. ಮೇಜಿನ ಮೇಲೆ ಕೂತಿದ್ದ ಸ್ಪೀಕರು ಲೆಕ್ಕದ ಪ್ರಕಾರ ನಮ್ಮ ಓಣಿಯ ಆಚೆ ತುದಿಯಲ್ಲಿತ್ತು. ಹೀಗೆ ಹಾಡಿಸಿದರೆ ಮಹಾನಂದಾ ಮುಂದೆ ಹೋಗುತ್ತಾಳೆ, ಬಳಗ ಹಿಂದೆ ಉಳಿಯುತ್ತದೆ. ಅವಳನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ಎಲ್ಲರ ಮುಂದೆ ನಗೆಪಾಟಲು ಮಾಡಿದ ಹಾಗಾಗುತ್ತದೆ. ಅದಕ್ಕಿಂತ ತಾಳವೇ ಲೇಸು.

ಅಷ್ಟರಲ್ಲಿ ಅವಳೂ ಫೋನಿನಲ್ಲಿ ಬರೆದು ಕಳಿಸಿದಳು: "ಬಿಡು ಅಣ್ಣಾ. ಒಂದು ಕಿವಿಗಾಗಿ ಇಷ್ಟೆಲ್ಲಾ ಯಾಕ ಒದ್ದಾಡಲತಿ."

ನಾನು ಬರೆದೆ: "ಒಂದು ಕಿವಿ ಸಾಕು. ಚೀಲ ಕಟಗೊಂಡು ಬಾ."

ಬಂದಳು. ನಾಲ್ಕು ದಿನ ಇರುತ್ತೇನೆಂದು ಗಂಡನಿಗೆ ಹೇಳಿ ಬಂದಿದ್ದಳಂತೆ. ನಾನು ಬ್ಲೂಟೂತನ್ನು ಮನೆಯಿಂದಲೇ ಹೊರಗೆ ಹಾಕಿದೆ. ಎರಡಕ್ಕೂ ವೈರು, ಹೆಡ್‌ಫೋನಿಗೆ ಲ್ಯಾಪ್‌ಟಾಪಿನದೇ ತೂತು, ಸ್ಪೀಕರಿಗೆ ಸೌಂಡ್ ಕಾರ್ಡು. ಎರಡು ದಾರಿಗಳ ಸದ್ದನ್ನು ಬೇರೆಬೇರೆಯಾಗಿ ಏರಿಸಲು, ಇಳಿಸಲು, ಒಂದನ್ನು ತುಸು ತಡೆಹಿಡಿಯಲು ಬರುವ ತಂತ್ರಾಂಶವೊಂದು ಪುಕ್ಕಟೆ ಸಿಕ್ಕಿತು. ಹಾಕಿ ಕೂತೆವು. ಮೊದಲ ಹಾಡಿಗೇ ಅವಳು ಹೆಡ್‌ಫೋನು ತೆಗೆದು, "ತಬಲಾ ಎಲ್ಲಿ ಹೋಯ್ತು?" ಅಂದಳು. ನಾನು ಕೇಳಿದರೆ ಇದೆ, ಅವಳು ಕೇಳಿದರೆ ಇಲ್ಲ. ತಲೆ ಕೆರೆದುಕೊಂಡು ಬಹಳ ಹೊತ್ತಿನ ಮೇಲೆ ಹೊಳೆಯಿತು. ಮುದ್ರಣದಲ್ಲಿ ಹಾರ್ಮೋನಿಯಂ ಬಲಕ್ಕೆ, ತಬಲಾ ಎಡಕ್ಕೆ ಇತ್ತು. ಅವಳ ಎಡಗಿವಿ ತಬಲಾವನ್ನು ನುಂಗಿ ನೀರು ಕುಡಿಯುತ್ತಿತ್ತು. ಎಡಬಲ ಎರಡನ್ನೂ ಕೂಡಿಸಿ ಒಂದೇ ಮಾಡುವ ಗುಂಡಿ ಹುಡುಕಿ ಒತ್ತಿದೆ. ಅವಳ ಬಲಗೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು.

ಉಳಿದದ್ದು ಹಿಂದುಮುಂದಿನ ಜಗಳ. ವೈರು ಹಾಕಿದರೂ ಸ್ಪೀಕರು ಕೂದಲೆಳೆಯಷ್ಟು ತಡವಾಗಿಯೇ ನುಡಿಯುತ್ತಿತ್ತು. ಹೆಡ್‌ಫೋನಿನ ಸದ್ದನ್ನು ಅಷ್ಟೇ ತಡೆಹಿಡಿಯಬೇಕು. ಎಷ್ಟು ಎನ್ನುವುದನ್ನು ಹೇಗೆ ತಿಳಿಯುವುದು? ನಾನು ಎರಡನ್ನೂ ಕೇಳಿ ನೋಡಿದೆ, ನನ್ನ ಕಿವಿಗೆ ಆ ಭೇದ ಸಿಗಲೊಲ್ಲದು. ಆಗ ಮಹಾನಂದಾ ಒಂದು ದಾರಿ ಹೇಳಿದಳು. ಪ್ರತಿ ಸುತ್ತಿನ ಮೊದಲ ಪೆಟ್ಟಿಗೆ ಅವಳು ಬೆರಳಿನಿಂದ ಮೇಜು ಮುಟ್ಟುವುದು. ಸ್ಪೀಕರಿನ ಪೆಟ್ಟು ಆ ಬೆರಳಿಗೆ ಕೂಡುತ್ತದೋ ಇಲ್ಲವೋ ಹೊರಗಿನವರು ನೋಡುವುದು. ತಾಳ ಬಲ್ಲವರ ಬೆರಳು ಸದ್ದಿಗಾಗಿ ಕಾಯುವುದಿಲ್ಲ, ಸದ್ದಿನ ಜೊತೆಗೇ ಬೀಳುತ್ತದೆ. ತೀರ್ಪು ಕೊಡಲು ಸರೋಜಾಳನ್ನು ಕರೆದೆವು. ಅವಳು ರೊಟ್ಟಿ ಬಡಿಯುವವಳು; ಅಳತೆಗೆ ಅವಳ ಕಿವಿ, ಕೈ ಎರಡೂ ಪಳಗಿವೆ.

"ಬೆರಳು ಮುಂದ್ ಅದ" ಅಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತು. ತುಸು ತಡೆದೆ.

"ಇನ್ನಾ ಮುಂದ್ ಅದ." ಮತ್ತೆ ತಡೆದೆ.

"ಈಗ ಹಿಂದ್ ಬಿತ್ತು." ತುಸು ಸಡಿಲಿಸಿದೆ.

ಹೀಗೆ ಒಂದು ಮಧ್ಯಾಹ್ನವೆಲ್ಲ ನಡೆಯಿತು. ಮಹಾನಂದಾಗೆ ಬೇಸರವೆಂಬುದೇ ಇರಲಿಲ್ಲ. ನಾನೇ ಸಾಕೆಂದರೂ ಅವಳು, "ಇನ್ನೊಮ್ಮಿ ಹಚ್ಚು" ಎನ್ನುತ್ತಿದ್ದಳು. ಹಟ ಹಿಡಿದವನು ನಾನು ಎಂದುಕೊಂಡಿದ್ದೆ. ನನ್ನದು ಹಟವಲ್ಲ, ಬರೀ ಚಟ ಎಂದು ಅವಳ ಮುಖ ನೋಡಿ ಗೊತ್ತಾಯಿತು. ಕೊನೆಗೊಮ್ಮೆ ಬೆರಳು ಬಿತ್ತು, ಪೆಟ್ಟೂ ಬಿತ್ತು. ಮತ್ತೊಂದು ಸುತ್ತು; ಮತ್ತೆ ಎರಡೂ ಕೂಡಿಯೇ ಬಿದ್ದವು. ಸರೋಜಾ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಭಾಲ್ಕಿಯಲ್ಲಿ ಶಕುಂತಲಾಬಾಯಿಯವರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಔರಾದದಲ್ಲಿ ತಾಲ್ಲೂಕು ತಾಲ್ಲೂಕಿನ ಬಳಗಗಳು ಕೂಡುವ ಕಾರ್ಯಕ್ರಮ ಹತ್ತಿರ ಬಂದಿತ್ತು. "ಮಾಸ್ತರ್ರ, ಮನ್ಯಾಗ ಹಾಡೋದು ಬ್ಯಾರಿ, ಸ್ಟೇಜ್ ಮ್ಯಾಲ್ ಹಾಡೋದು ಬ್ಯಾರಿ" ಅಂದರು. "ತಪ್ಪಿದ್ರ ನಮಗೇನ್ ಆಗಲ್ಲ. ಆಕೀಗಿ ನಾಕು ಮಂದ್ಯಾಗ ನೋವಾಗ್ತದ. ಒಮ್ಮಿ ನಾನೇ ಆಕೀನ ಹಿಂದ್ ಕೂಡ್ಸೀನಿ. ಎರಡನೇ ಸಲ ನನ್ ಕೈಲಿಂದ ಆಗಲ್ಲ."

ಮಹಾನಂದಾ ಅವರ ತುಟಿ ನೋಡುತ್ತ ಎಲ್ಲವನ್ನೂ ಓದಿಕೊಂಡಳು. ಆಮೇಲೆ ನಿಧಾನವಾಗಿ ಅಂದಳು, "ಬಾಯಿ, ನನಗ ನೋವ್ ಆಗ್ತದಂತ ನೀವ್ ಹೇಳಬ್ಯಾಡ್ರಿ. ಹಿಂದ್ ಕುಂತು ಕುಂತು ಅದು ನನಗ ರೂಢಿ ಆಗ್ಯಾದ. ಕೇಳ್ರಿ ಮೊದಲ, ಆಮ್ಯಾಲ ಹೇಳ್ರಿ."

ಕೇಳಿದರು. ಒಂದು ವಾರ ಕೇಳಿದರು, ಇನ್ನೊಂದು ವಾರವೂ ಕೇಳಿದರು. ಮೊದಲ ವಾರ ಅವಳು ಒಂದೆರಡು ಕಡೆ ತಡವರಿಸಿದಳು; ಎಷ್ಟೋ ವರ್ಷ ಮುಚ್ಚಿಟ್ಟ ಗಂಟಲು. ಎರಡನೆಯ ವಾರ ಹಾಡು ಮುಗಿದಾಗ ಶಕುಂತಲಾಬಾಯಿ ಕಣ್ಣೊರೆಸಿಕೊಂಡು, ಹಿಂದಿನ ಸಾಲಿನ ತಾಳವನ್ನು ಇನ್ನೊಬ್ಬರ ಕೈಗೆ ಕೊಟ್ಟರು. "ಎರಡನೇ ಹಾಡು ನೀನೇ ಎತ್ತಿಕೊಡು" ಎಂದಷ್ಟೇ ಅಂದರು.

ಔರಾದದ ಮಂಟಪ ಮಧ್ಯಾಹ್ನದ ಹೊತ್ತಿಗೆ ಕಿಕ್ಕಿರಿದಿತ್ತು. ಡಾಬಕಾದಿಂದ ಬಂದವರು, ಬೀದರದವರು, ನಮ್ಮವರು. ಎಲ್ಲ ಕಡೆ ಸೀರೆಯ ಬಣ್ಣ, ಸುಸಲಾದ ಡಬ್ಬಿಗಳು, ತಲೆಯ ಮೇಲೆ ಗರಗರ ತಿರುಗುವ ಫ್ಯಾನುಗಳು. ಮಂಟಪದ ಸೌಂಡಿನವನು ನನ್ನ ವೈರುಗಳ ಜಾಲ ನೋಡಿ, "ಸರ್, ಇದ್ರಾಗ ನಂದು ಯಾವ್ದು?" ಎಂದು ಕೇಳಿದ. ಸೌಂಡ್ ಕಾರ್ಡಿನ ವೈರನ್ನು ಅವನ ಪೆಟ್ಟಿಗೆಗೆ ಕೊಟ್ಟು, ಹೆಡ್‌ಫೋನಿನ ಉದ್ದನೆಯ ವೈರನ್ನು ಜಮಖಾನದ ಕೆಳಗಿನಿಂದ ಎಳೆದು ಮುಂದಿನ ಸಾಲಿಗೆ ಮುಟ್ಟಿಸಿ, ನಾನು ವೇದಿಕೆಯ ಪಕ್ಕದ ಪರದೆಯ ಹಿಂದೆ ಕೂತೆ. ಮಹಾನಂದಾ ಮಷೀನು ತೆಗೆದು ಹೆಡ್‌ಫೋನು ಏರಿಸಿದಾಗ ಮುಂದಿನ ಕುರ್ಚಿಗಳಲ್ಲಿ ಒಂದಿಬ್ಬರು ಬಾಯಿಗೆ ಸೆರಗು ಹಿಡಿದದ್ದು ನನಗೆ ಕಂಡಿತು. ಅವಳಿಗೂ ಕಂಡಿರಬೇಕು. ಅವಳು ಸೆರಗನ್ನು ತಲೆಯ ಮೇಲೆ ಹೊದ್ದುಕೊಳ್ಳಬಹುದಿತ್ತು, ಹೆಡ್‌ಫೋನು ಮುಚ್ಚುತ್ತಿತ್ತು. ಹೊದ್ದುಕೊಳ್ಳಲಿಲ್ಲ.

ಮೊದಲ ಹಾಡು ಚೆನ್ನಾಗಿ ಆಯಿತು. ಎರಡನೆಯದನ್ನು ಅವಳು ಕಣ್ಣು ಮುಚ್ಚಿ ಎತ್ತಿಕೊಂಡಳು. ಮೊದಲ ನುಡಿ ಮುಗಿದು ಎರಡನೆಯದಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು.

ಮೈಕು, ಸ್ಪೀಕರು, ಹಾರ್ಮೋನಿಯಂ, ತಬಲಾ ಎಲ್ಲ ಒಂದೇ ಏಟಿಗೆ ಗಪ್ಪಾದವು. ಫ್ಯಾನುಗಳು ಸುತ್ತು ಕಡಿಮೆ ಮಾಡುತ್ತ ನಿಂತವು. ಬಳಗದವರ ದನಿ ಅಲ್ಲಲ್ಲೇ ಮುರಿಯಿತು. ತಾಳದವಳು ಕೈ ಮೇಲೆತ್ತಿದವಳು ಹಾಗೇ ನಿಂತಳು. ಶಕುಂತಲಾಬಾಯಿ ಪರದೆಯತ್ತ ತಿರುಗಿ ನನ್ನನ್ನು ನೋಡಿದರು. ನಾನು ಕೈ ಚೆಲ್ಲಿದೆ.

ಮಹಾನಂದಾ ಮಾತ್ರ ಹಾಡುತ್ತಿದ್ದಳು.

ಲ್ಯಾಪ್‌ಟಾಪು ನೋಡಿಕೊಂಡೆ. ಪರದೆ ಬೆಳಗುತ್ತಲೇ ಇತ್ತು, ಹಾಡಿನ ಗೆರೆ ಓಡುತ್ತಲೇ ಇತ್ತು. ಅದು ತನ್ನ ಬ್ಯಾಟರಿಯ ಮೇಲೆ ನಡೆದಿತ್ತು. ಇಡೀ ಮಂಟಪದಲ್ಲಿ ಹಾರ್ಮೋನಿಯಂ ಈಗ ಒಬ್ಬಳಿಗೇ ಕೇಳುತ್ತಿತ್ತು. ಕರೆಂಟು ಹೋದದ್ದು ಗೊತ್ತಿಲ್ಲದವಳೂ ಅವಳೊಬ್ಬಳೇ. ಫ್ಯಾನುಗಳ ಸದ್ದೂ ನಿಂತಿದ್ದರಿಂದ ಅವಳ ಬರೀ ಗಂಟಲು ಹಿಂದಿನ ಗೋಡೆಯವರೆಗೂ ಹೋಗಿ ಮುಟ್ಟಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ನನ್ನ ಹಾಗೇ ನಿವೃತ್ತಿಯ ವಯಸ್ಸಿನದು. ಅದರ ಮೇಲೆ ಕೈಯಿಟ್ಟು, ಇನ್ನೊಂದು ನುಡಿ ತಾಳಿಕೋ ಎಂದು ನಾನು ಬೇಡಿಕೊಂಡ ಹಾಗೆ ಯಾವ ದೇವರನ್ನೂ ಬೇಡಿಕೊಂಡಿಲ್ಲ.

ಶಕುಂತಲಾಬಾಯಿ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಅವಳ ದನಿಯ ಕೆಳಗೆ ತಮ್ಮ ದನಿಯನ್ನು ಮೆಲ್ಲಗೆ ತಂದಿಟ್ಟರು. ಪಕ್ಕದವರು ಕೂಡಿಕೊಂಡರು, ಅವರ ಪಕ್ಕದವರೂ ಕೂಡಿಕೊಂಡರು. ಮಹಾನಂದಾಳ ಕೈ ತೊಡೆಯ ಮೇಲೆ ಪೆಟ್ಟು ಹಾಕುತ್ತಿತ್ತು. ಹಿಂದಿನವಳು ಕತ್ತು ಚಾಚಿ ಆ ಕೈಯನ್ನೇ ನೋಡುತ್ತ ತಾಳ ಹಾಕಿದಳು. ನಕ್ಕವರ ಬಾಯಿಂದ ಸೆರಗು ಕೆಳಗಿಳಿದಿತ್ತು. ಹಾಡು ಕೊನೆಯ ನುಡಿ ದಾಟಿ, ಪಲ್ಲವಿಗೆ ಬಂದು, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

ಅವಳು ಕಣ್ಣು ತೆರೆದಳು. ಹೆಡ್‌ಫೋನು ತೆಗೆದು ಕತ್ತಿಗೆ ಇಳಿಸಿ, ಮಷೀನು ಕಿವಿಗೆ ಹಾಕಿಕೊಂಡಳು. ಜನ ಸೆರಗಿನಿಂದ, ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಮೇಲೆ ನೋಡಿದಳು, ನಿಂತ ಫ್ಯಾನುಗಳು ಕಂಡವು.

"ಕರೆಂಟ್ ಯಾವಾಗ ಹೋಯ್ತು?"

ಶಕುಂತಲಾಬಾಯಿ ಅವಳ ಎದುರಿಗೆ ತಿರುಗಿ ಕೂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ಎರಡನೇ ನುಡಿಗೇ ಹೋಯ್ತವ್ವ. ಅಲ್ಲಿಂದ ನಾವೆಲ್ಲಾ ನಿನ್ನ ಕೇಳ್ಕೋತ ಹಾಡೀವಿ."

ಮಹಾನಂದಾ ಬಲಗಿವಿಯನ್ನು ಮುಂದೆ ಮಾಡಿ, "ಏನಂದ್ರಿ? ಕೇಳ್ಸಲಿಲ್ಲ, ಇನ್ನೊಮ್ಮಿ ಹೇಳ್ರಿ" ಅಂದಳು.

ಅವರು ಇನ್ನೊಮ್ಮೆ ಹೇಳಿದರು, ಮೊದಲಿಗಿಂತ ಜೋರಾಗಿ, ಮುಂದಿನ ಕುರ್ಚಿಯವರಿಗೆಲ್ಲ ಕೇಳುವ ಹಾಗೆ. ಅವಳು ತಲೆ ತಗ್ಗಿಸಿ ಹೆಡ್‌ಫೋನಿನ ವೈರು ಸುತ್ತತೊಡಗಿದಳು. ಪರದೆಯ ಹಿಂದೆ ಕೂತಿದ್ದ ನನಗೆ ಅವಳ ಮುಖ ಕಾಣುತ್ತಿತ್ತು. ಮೊದಲ ಸಲವೇ ಅವಳಿಗೆ ಚೆನ್ನಾಗಿ ಕೇಳಿಸಿತ್ತು.